ಹಳ್ಳದಾಕಿಯ ಪಾಠ

ಚಿತ್ತಾಪುರದಲ್ಲಿ ಮೊದಲ ಜಮಾತಿನ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ಕಾಲದಲ್ಲಿ ನಾನು ಒಂದು ಹಂದಿಯ ಮೇಲೆ ಪಾಠ ಮಾಡಿದ್ದೆ. ಅದೂ ಒಂದೆರಡು ದಿನವಲ್ಲ, ಜೋಳದ ರಾಶಿ ಮುಗಿದಲ್ಲಿಂದ ಬಿಸಿಲು ನೆತ್ತಿ ಸುಡುವ ತನಕ. ಈಗ ಹೇಳಿದರೆ ಅಣ್ಣನ ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಗ ನಮ್ಮ ಊರಿನಲ್ಲಿ ಯಾರಿಗೂ ನಗು ಬಂದಿರಲಿಲ್ಲ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ಬುದ್ಧಿ ತಿಳಿಯುವ ಮೊದಲೇ ಮದುವೆ ಮಾಡಿದರು, ಗಂಡನ ಮನೆಯ ಹೊಸ್ತಿಲು ತುಳಿಯುವ ಮೊದಲೇ ಅವನು ತೀರಿಕೊಂಡ. ನನ್ನ ತಲೆಗೂದಲು ಉಳಿದದ್ದು ಅಣ್ಣನ ಹಟದಿಂದ. ತಹಸೀಲ ಕಚೇರಿಯಲ್ಲಿ ಕೆಲಸಕ್ಕಿದ್ದ ಅವನು ಸಂಜೆ ಹೊತ್ತು ನನಗೆ ಕನ್ನಡವನ್ನೂ ಉರ್ದುವನ್ನೂ ಕಲಿಸಿ, ಹೆಣ್ಣುಮಕ್ಕಳ ಶಾಲೆಗೆ ಒಬ್ಬ ಅಕ್ಕೋರು ಬೇಕಂತೆ ಎಂದು ಕೇಳಿದ ಕೂಡಲೇ ನನ್ನನ್ನು ಕಳಿಸಿದ. ಮನೆಯಲ್ಲಿ ನನ್ನ ಬಗ್ಗೆ ಇದ್ದ ದೂರು ಒಂದೇ, ದನಿ ಜಾಸ್ತಿ. "ನೀ ಅಡಗಿಮನ್ಯಾಗ ಕೆಮ್ಮಿದ್ರ ಸ್ಟೇಷನ್ನಿನಾಗ ಗಾಡಿ ನಿಂದರ್ತದ" ಎಂದು ಅಣ್ಣನ ಹೆಂಡತಿ, ನನ್ನ ವೈನಿ, ಛೇಡಿಸುತ್ತಿದ್ದಳು. ಸಿಟ್ಟೂ ಸ್ವಲ್ಪ ಜಾಸ್ತಿಯೇ ಇತ್ತು, ಸುಳ್ಳೇಕೆ ಹೇಳಲಿ.

ಶಾಲೆ ಎಂದರೆ ಊರ ಅಂಚಿಗೆ, ಹಳ್ಳದ ದಂಡೆಯ ಮೇಲೆ ಬಾಡಿಗೆಗೆ ಹಿಡಿದ ಒಂದು ಮಾಳಿಗೆ ಮನೆ. ನೆಲಕ್ಕೂ ಗೋಡೆಗೂ ಶಹಾಬಾದಿನ ಕಲ್ಲು. ಮುಂದಿನ ಪಡಸಾಲೆಯಲ್ಲಿ ದೊಡ್ಡ ಹುಡುಗಿಯರು, ಹಿಂದಿನ ಕೋಣೆಯಲ್ಲಿ ನನ್ನ ಸಣ್ಣವರು, ಹುಡುಗರೂ ಹುಡುಗಿಯರೂ ಕೂಡಿ. ಮುಖ್ಯೋಪಾಧ್ಯಾಯಿನಿ ಹೈದರಾಬಾದ್ ಶಹರದಿಂದ ಬಂದ ಮುಸ್ಲಿಂ ಹೆಂಗಸು. ಎಲ್ಲರೂ ಅವರನ್ನು ಬಡೀ ಉಸ್ತಾನಿ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನ್ನ ತಾಯಿಯಷ್ಟು. ಉರ್ದುವಿನೊಳಗೆ ಕನ್ನಡ ಬೆರೆಸಿ, ಕನ್ನಡದೊಳಗೆ ಉರ್ದು ಬೆರೆಸಿ ಮಾತಾಡುತ್ತಿದ್ದರು.

ಹಳ್ಳದ ಆಚೆ ದಂಡೆಗೆ, ನಮ್ಮ ಶಾಲೆಗೆ ಎದುರಾಗಿ, ಗುಡಿಯ ಪೂಜೆಯ ಆಚಾರ್ಯರ ಮನೆ. ಅವರ ಮೊಮ್ಮಗಳು ನನ್ನ ಜಮಾತಿನಲ್ಲಿದ್ದಳು. ಹಲ್ಲು ಬಿದ್ದ ಬಾಯಿ, ಎಣ್ಣೆ ಇಳಿಯುವ ಎರಡು ಜಡೆ, ಕೂತಲ್ಲಿ ಕೂರದ ಕಾಲು. ಉಳಿದ ಮಕ್ಕಳಿಗೆ ನಾನು ಕಲಿಸುತ್ತಿದ್ದೆ, ಇವಳು ನನ್ನಿಂದ ಕಸಿದುಕೊಳ್ಳುತ್ತಿದ್ದಳು. 'ಕ' ಬರೆದು ತೋರಿಸಿದರೆ 'ಕಾ' ಯಾಕ ಹಂಗಿಲ್ಲರಿ ಅಕ್ಕೋರ ಎಂದು ಕೇಳುವ ಜಾತಿ. ಪಾಠ ಹೇಳುವವರಿಗೆ ಇಂಥದ್ದೊಂದು ಕೂಸು ಸಿಕ್ಕರೆ ಇಡೀ ವರ್ಷ ನೀಗುತ್ತದೆ. ನನಗೆ ಅವಳೆಂದರೆ ಜೀವ.

ಆ ವರ್ಷ ಜೋಳದ ರಾಶಿ ಮುಗಿದ ಹೊತ್ತಿಗೆ ಒಂದು ಕರಿ ಹಂದಿ ಹಳ್ಳದ ಜಾಲಿ ಪೊದೆಯೊಳಗೆ ಮರಿ ಹಾಕಿತು. ಊರಾಚೆಯ ಕೇರಿಯವರು ಸಾಕಿ ಬಿಟ್ಟ ಹಂದಿ. ಅದು ಅಲ್ಲಿರುವುದು ನಮಗಾರಿಗೂ ದೊಡ್ಡ ಸುದ್ದಿಯಾಗಿರಲಿಲ್ಲ.

ಒಂದು ದಿನ ಆಚಾರ್ಯರ ಮೊಮ್ಮಗಳು ಶಾಲೆಗೆ ಬರುತ್ತ ಹಳ್ಳದಲ್ಲಿ ನಿಂತಳು. ಒಂದು ಮರಿ ತಾಯಿಯಿಂದ ದೂರ ಬಂದು ನೆಲ ಕೆದಕುತ್ತಿತ್ತು. ತಲೆ ಎತ್ತಿದಾಗ ಅದರ ಮೂತಿಯ ಮೇಲೆ ಒಂದು ಹೆಂಟೆ ಮಣ್ಣು. ಅಜ್ಜ ದಿನವೂ ಪೂಜೆಯ ಹೊತ್ತಿಗೆ ಹೇಳುತ್ತಿದ್ದ ಕತೆ ಅವಳಿಗೆ ನೆನಪಾಯಿತು. ವರಾಹದೇವರು ನೀರಿನಲ್ಲಿ ಮುಳುಗಿ ಭೂದೇವಿಯನ್ನು ಮೂತಿಯ ಮೇಲೆ ಎತ್ತಿ ತಂದ ಕತೆ. ಇಲ್ಲಿ ನೋಡಿದರೆ ಮೂತಿಯೂ ಇದೆ, ಅದರ ಮೇಲೆ ಭೂಮಿಯೂ ಇದೆ. ಅವಳಿಗೆ ಅನುಮಾನವೇ ಉಳಿಯಲಿಲ್ಲ. ಸಣ್ಣ ದೇವರು ಈಗಷ್ಟೇ ಎತ್ತಿಕೊಂಡು ಬಂದಿದ್ದಾರೆ, ಮಣ್ಣು ಬೀಳುವುದರೊಳಗೆ ಅಜ್ಜನ ದೇವರಮನೆಗೆ ಮುಟ್ಟಿಸಬೇಕು ಎಂದು ಮರಿಯನ್ನು ಉಟ್ಟ ಪರಕಾರದ ಮಡಿಲಲ್ಲಿ ಕಟ್ಟಿಕೊಂಡು ಮನೆಯ ಕಡೆ ಓಡಿದಳು.

ಮರಿ ಚೀರಿತು. ತಾಯಿ ಪೊದೆ ಮುರಿದುಕೊಂಡು ಬಂತು. ಹುಡುಗಿ ಬಿದ್ದಳು, ಪರಕಾರ ಹರಿಯಿತು, ಮೊಣಕಾಲು ತರಚಿತು. ಕೈಯಿಂದ ಮರಿ ಬಿಟ್ಟಿದ್ದರಿಂದ ಅಷ್ಟಕ್ಕೇ ಮುಗಿಯಿತು. ಹಂದಿ ತನ್ನ ಮರಿಯನ್ನು ಮೂಸಿ ನೋಡಿ, ಮುಂದೆ ಮಾಡಿಕೊಂಡು ಹೊರಟುಹೋಯಿತು.

ಮನೆಯಲ್ಲಿ ಏನಾಯಿತೆಂದು ಬರೆಯಬೇಕಿಲ್ಲ. ಹುಡುಗಿಗೆ ಸ್ನಾನದ ಮೇಲೆ ಸ್ನಾನ, ಪಂಚಗವ್ಯ, ಅಜ್ಜಿಯ ಅಳು. ಮರುದಿನದಿಂದ ಅವಳು ಬರಲಿಲ್ಲ. ಆಚಾರ್ಯರೇ ಬಿಡಿಸಿದ ಮೇಲೆ ನಾವ್ಯಾಕೆ ಕಳಿಸಬೇಕು ಎಂದು ಆಚೆ ದಂಡೆಯ ಇನ್ನೂ ಕೆಲವು ಮನೆಯವರು ಮಕ್ಕಳನ್ನು ನಿಲ್ಲಿಸಿದರು. ನಾನು ತಡೆಯಲಾರದೆ ಅವರ ಮನೆಗೆ ಹೋದೆ.

"ನೋಡು ಬಾಯಿ, ಆಕಿಗೆ ಹೆಸರು ಬರೀಲಿಕ್ಕೆ ಬಂತು, ದೇವರ ನಾಮ ಓದ್ಲಿಕ್ಕೆ ಬಂತು. ಹೆಣ್ಣ ಹುಡುಗಿಗೆ ಇನ್ನೇನ ಬೇಕು?" ಎಂದರು ಆಚಾರ್ಯರು. "ಸೇಡಂದಾಗ ನಮ್ಮ ಬೀಗರ ಪೈಕಿ ಒಂದು ವರ ಅದ. ಜಾತಕ ನೋಡ್ಲಿಕತ್ತೀವಿ."

ಒಳಗಿನ ಬಾಗಿಲ ಸಂದಿಯಿಂದ ಹುಡುಗಿ ನನ್ನನ್ನು ನೋಡುತ್ತಿದ್ದಳು. ಜಾತಕ ಎಂಬ ಮಾತಿನಿಂದ ಶುರುವಾದದ್ದು ಎಲ್ಲಿಗೆ ಹೋಗಿ ಮುಟ್ಟಬಹುದು ಎನ್ನುವುದಕ್ಕೆ ನಾನೇ ಅವರ ಎದುರು ಕೂತಿದ್ದೆ. ಸಿಟ್ಟು ನುಂಗಿಕೊಂಡು ಎದ್ದು ಬಂದೆ.

ಶಾಲೆಯಲ್ಲಿ ಬಡೀ ಉಸ್ತಾನಿಯವರಿಗೂ ಚಿಂತೆ. "ಬಚ್ಚೇ ಬರವಲ್ರು. ಚಪರಾಸಿಗೆ ಹೇಳಿ ಆ ಜಾನವರಕ್ಕ ಹೊಡಿಸಿ ಓಡಸ್ತೀನಿ" ಎಂದರು.

"ಮರಿ ಹಾಕಿದ್ದು ಎಲ್ಲಿಗಿ ಹೋಗ್ತದ್ರಿ? ಇನ್ನೊಂದು ಪೊದಿಗಿ ಹೋಗ್ತದ. ಹೊಡೆದ್ರ ಸಿಟ್ಟಿಲೆ ಮಕ್ಕಳ ಮ್ಯಾಲ ಬರ್ತದ" ಎಂದೆ. "ಅದನ್ನ ಓಡ್ಸೂದು ಬ್ಯಾಡ್ರಿ. ಅದರ ಸ್ವಭಾವ ಮಕ್ಕಳಿಗಿ ಕಲಸ್ತೀನಿ. ತಿಳಿದ ಮ್ಯಾಲ ಅಂಜಿಕಿ ಹೋಗ್ತದ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮನೆತನದಲ್ಲಿ ಆ ಪ್ರಾಣಿಯ ಹೆಸರನ್ನೂ ನಾಲಿಗೆಯ ಮೇಲೆ ತರುತ್ತಿರಲಿಲ್ಲ, ತಂದರೆ ನಾಲಿಗೆ ಮೈಲಿಗೆಯಾಗುತ್ತದೆಂದು ಬಾಯಿ ಮುಕ್ಕಳಿಸುತ್ತಿದ್ದರು. ಕೊನೆಗೆ, "ಪಾಠ ಮಾಡು ಬೇಟಾ. ಮಗರ್ ಉಸ್ಕಾ ನಾಂವ್ ನಕ್ಕೋ. ನನ್ನ ಮದ್ರಸಾದಾಗ ಅದರ ಹೆಸರು ಬ್ಯಾಡ" ಎಂದರು.

ಹೀಗಾಗಿ ಹಂದಿಗೆ 'ಹಳ್ಳದಾಕಿ' ಎಂದು ಹೆಸರಾಯಿತು. ಮಕ್ಕಳಿಗೆ ಅದು ಎಷ್ಟು ಹಿಡಿಸಿತೆಂದರೆ, ಹಂದಿ ಎಂದು ಬಾಯಿ ತಪ್ಪಿ ಅಂದವರಿಗೆ ತಾವೇ ಶಿಕ್ಷೆ ಕೊಡುತ್ತಿದ್ದರು.

ಪಾಠ ಮಾಡುತ್ತೇನೆಂದು ಠೇಂಕಾರದಿಂದ ಹೇಳಿಬಿಟ್ಟಿದ್ದೆ, ಆದರೆ ಹಂದಿಯ ಬಗ್ಗೆ ನನಗೆ ಗೊತ್ತಿದ್ದದ್ದು ಹೊಲಸು ಎಂಬ ಒಂದೇ ಮಾತು. ಮಕ್ಕಳಿಗೂ ಅಷ್ಟೇ. ಸರಿ, ಎಲ್ಲರೂ ಕೂಡಿಯೇ ನೋಡೋಣ ಎಂದು ಅವರನ್ನು ಮಾಳಿಗೆಯ ಮೇಲೆ ಹತ್ತಿಸಿದೆ. ಅಲ್ಲಿಂದ ಇಡೀ ಹಳ್ಳ ಕಾಣುತ್ತಿತ್ತು, ಮತ್ತು ಹಳ್ಳದಾಕಿಗೆ ನಮ್ಮ ಕಾಟವಿರಲಿಲ್ಲ. ಎದುರಿಗೆ, ಹಳ್ಳದಾಚೆ, ಆಚಾರ್ಯರ ಮಾಳಿಗೆ. ಮೊದಲ ದಿನವೇ ಅಲ್ಲಿ ಒಣಹಾಕಿದ ಸಂಡಿಗೆಯ ಪಕ್ಕ ಎರಡು ಜಡೆ ಕಂಡವು. ಕಾಗೆ ಕಾಯಲು ಹುಡುಗಿಯನ್ನು ಕೂರಿಸಿದ್ದರು.

ಮನೆಯವರು ಇಷ್ಟು ವರ್ಷ ಬೈದ ದನಿ ಇವತ್ತು ಉಪಯೋಗಕ್ಕೆ ಬಂತು ಎಂದುಕೊಂಡು, ನನ್ನ ಮುಂದೆ ಕೂತ ಮಕ್ಕಳಿಗೆ ಬೇಕಾದದ್ದಕ್ಕಿಂತ ಮೂರು ಪಟ್ಟು ಜೋರಾಗಿ ಪಾಠ ಶುರು ಮಾಡಿದೆ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಆಚೆಯ ಜಡೆಗಳು ನೆಟ್ಟಗಾದವು.

ನೋಡುತ್ತ ಹೋದಂತೆ ನಾವು ಅಂದುಕೊಂಡಿದ್ದೆಲ್ಲ ಒಂದೊಂದಾಗಿ ಸುಳ್ಳಾಯಿತು. ಮಲಗುವ ಜಾಗವನ್ನು ಹಳ್ಳದಾಕಿ ಹೊಲಸು ಮಾಡುತ್ತಿರಲಿಲ್ಲ. ಒಣ ಜೋಳದ ರವದಿಯನ್ನೂ ಹುಲ್ಲನ್ನೂ ಬಾಯಿಂದ ತಂದು ಹಾಸಿಕೊಂಡಿದ್ದಳು. ಹೊರಕಡೆಗೆ ಹೋಗಲು ದೂರದಲ್ಲಿ ಬೇರೆ ಮೂಲೆ ಇತ್ತು, ಮರಿಗಳೂ ಪುಟುಪುಟು ಅಲ್ಲಿಗೇ ಹೋಗುತ್ತಿದ್ದವು. "ಅಕ್ಕೋರ, ನಮ್ಮ ತಮ್ಮಗ ಇನ್ನಾ ಇದು ಬರಂಗಿಲ್ಲ" ಎಂದು ಒಬ್ಬಳು ಬೇಜಾರಿನಿಂದ ಹೇಳಿದಳು.

ಹಾಗಾದರೆ ಕೆಸರಿನಲ್ಲಿ ಯಾಕೆ ಹೊರಳುತ್ತಾಳೆ? ಈ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ತುರಿಕೆ ಎಂದರು ಕೆಲವರು, ಕೊಬ್ಬು ಎಂದ ಒಬ್ಬ. ಬೆಳಗಿನ ತಂಪಿನಲ್ಲಿ ಆಕೆ ಕೆಸರಿನ ಹತ್ತಿರವೂ ಸುಳಿಯುವುದಿಲ್ಲ, ಬಿಸಿಲೇರಿದ ಮೇಲಷ್ಟೇ ಹೋಗುತ್ತಾಳೆ ಎಂದು ಗುರುತಿಸಿದವನು ರೈಲ್ವೆಯಲ್ಲಿ ಕೆಲಸ ಮಾಡುವವರ ಮಗ, ಮುಸ್ಲಿಂ ಹುಡುಗ. ನಮ್ಮ ಅಬ್ಬಾ ಇಂಜನ್ನಿನ ಕೆಲಸ ಮುಗಿಸಿ ಬಂದು ಹಸೀ ವಸ್ತ್ರ ತಲಿಗಿ ಕಟ್ಕೋತಾರಲ್ಲ, ಇದೂ ಅದೇ ಎಂದ. ಅವನು ಬೆವರು ಒರೆಸಿಕೊಳ್ಳುತ್ತಲೇ ಹೇಳುತ್ತಿದ್ದ. ಹಳ್ಳದಾಕಿಗೆ ಬೆವರೇ ಬಾರದೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಆದರೆ ಹುಡುಗ ಹೇಳಿದ್ದು ಸರಿಯೇ ಇತ್ತು.

ಎಲ್ಲಕ್ಕಿಂತ ಚೆಂದದ್ದು ಮರಿಗಳ ಊಟ. ಆಕೆ ಮಗ್ಗುಲಾಗಿ ಮಲಗಿ ಗುರ್ರ್ ಗುರ್ರ್ ಎಂದು ಕರೆದರೆ ಎಲ್ಲಿದ್ದರೂ ಓಡಿ ಬರುತ್ತಿದ್ದವು. ಮೂತಿಯಿಂದ ತಿವಿತಿವಿದು ಕಾಯುತ್ತಿದ್ದವು. ಗುರುಗುರು ಬೇಗ ಬೇಗ ಆದಾಗ ಒಮ್ಮೆಲೇ ಎಲ್ಲವೂ ಸುಮ್ಮನಾಗಿ ಹಾಲು ಎಳೆಯುತ್ತಿದ್ದವು. ಅಷ್ಟು ಮರಿಗಳು ಹೇಗೆ ಜಗಳವಿಲ್ಲದೆ ಕುಡಿಯುತ್ತವೆ ಎಂದು ನಾನು ಗಟ್ಟಿಯಾಗಿ ಕೇಳಿದೆ. ಯಾರಿಗೂ ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಹಳ್ಳದ ಆಚೆಯಿಂದ ಉತ್ತರ ಬಂತು.

"ಅಕ್ಕೋರಾ, ಪಂಕ್ತಿ ಬದಲಾಗಂಗಿಲ್ಲರೀ!"

ಸಂಡಿಗೆಯ ನಡುವೆ ನಿಂತು ಎರಡೂ ಕೈ ಬಾಯಿಗೆ ಹಿಡಿದು ಅವಳು ಕೂಗುತ್ತಿದ್ದಳು. ಕಿವಿಯ ಮೇಲೆ ಬಿಳಿ ಕೂದಲಿದ್ದ ಮರಿ ಯಾವಾಗಲೂ ಎಲ್ಲಕ್ಕೂ ಮುಂದೆ, ಬಾಲ ಮುರಿದದ್ದು ಯಾವಾಗಲೂ ಕೊನೆಗೆ. ಮೊದಲ ದಿನಗಳಲ್ಲಿ ಹಿಡಿದ ಮೊಲೆಯನ್ನು ಆಯಾ ಮರಿ ಬಿಡುವುದಿಲ್ಲ, ಬೇರೆಯದಕ್ಕೆ ಬಿಟ್ಟುಕೊಡುವುದೂ ಇಲ್ಲ. ಹಬ್ಬದೂಟದಲ್ಲಿ ಯಾರ ಎಲೆ ಎಲ್ಲಿ ಎಂದು ಹುಟ್ಟಿದಾಗಿನಿಂದ ನೋಡಿದ ಮನೆಯ ಹುಡುಗಿಗಲ್ಲದೆ ಇನ್ನಾರಿಗೆ ಇದು ಕಾಣಬೇಕು! ನನ್ನ ಮಕ್ಕಳು ಹೋ ಎಂದು ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಅಜ್ಜಿ ಬಂದು ಅವಳನ್ನು ಕೆಳಗೆ ಕರೆದೊಯ್ದಳು.

ಆ ಗದ್ದಲಕ್ಕೆ ಬಡೀ ಉಸ್ತಾನಿಯವರೂ ಮೇಲೆ ಬಂದರು. ಬೈಯುತ್ತಾರೇನೋ ಎಂದುಕೊಂಡೆ. ಬುರ್ಖಾದ ಮುಸುಕು ಎತ್ತಿ ಹಳ್ಳದ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು, ಮತ್ತೆ ನೋಡಿದರು. ಆಮೇಲೆ ಬಹಳ ಹೊತ್ತು ನೋಡುತ್ತಲೇ ನಿಂತರು. "ಆ ಆಖರಿ ಬಚ್ಚಾಗ ಹಾಲು ಸಿಗ್ತದೋ ಇಲ್ಲೋ?" ಎಂದು ಮೆಲ್ಲಗೆ ಕೇಳಿದರು. ಸಿಗ್ತದ್ರಿ, ಸ್ವಲ್ಪ ಕಮ್ಮಿ ಎಂದೆ. "ಕಮ್ಮಿ ಆದ್ರೂ ಜಾಗಾ ಅದಲ್ಲ" ಎಂದು ಮುಸುಕು ಇಳಿಸಿಕೊಂಡು ಹೋದರು.

ನೋಡಿದ್ದನ್ನೆಲ್ಲ ಕೂಡಿಸಿ ಮಕ್ಕಳು ಹಳ್ಳ ದಾಟುವ ರೀತಿಯನ್ನು ತಾವೇ ಮಾಡಿಕೊಂಡರು. ಆಕೆಯ ಕಣ್ಣು ಮಂದ, ಮೂಗು ಕಿವಿ ಚುರುಕು. ಆದ್ದರಿಂದ ಕಳ್ಳಹೆಜ್ಜೆ ಬೇಡ, ಮಾತಾಡುತ್ತ ಹೋಗಬೇಕು. ಆಕೆ ಹೂಂಫ್ ಎಂದು ಒಮ್ಮೆ ಉಸಿರು ಬಿಟ್ಟರೆ ಮರಿಗಳೆಲ್ಲ ಇದ್ದಲ್ಲೇ ಕಲ್ಲಾಗುತ್ತವೆ, ಆಗ ನಾವೂ ನಿಲ್ಲಬೇಕು. ತಾಯಿಗೂ ಮರಿಗೂ ನಡುವೆ ಮಾತ್ರ ಎಂದಿಗೂ ಹೋಗಬಾರದು. ಇದನ್ನು ದಿನವೂ ಮಾಳಿಗೆಯ ಮೇಲೆ, ಆಚೆ ದಂಡೆಗೂ ಕೇಳುವಂತೆ, ಒಕ್ಕೊರಲಿನಿಂದ ಹೇಳಿಸುತ್ತಿದ್ದೆ. ಶಾಲೆ ಬಿಟ್ಟ ಮಕ್ಕಳು ಒಬ್ಬೊಬ್ಬರಾಗಿ ತಿರುಗಿ ಬರತೊಡಗಿದರು. ಬಾರದೇ ಉಳಿದವಳು ಒಬ್ಬಳೇ, ನನಗೆ ಬೇಕಾಗಿದ್ದವಳು.

ಸಂಜೆ ಮನೆಗೆ ಹೋದರೆ ವೈನಿ ಹಿತ್ತಲಿನಲ್ಲಿ ಸ್ನಾನಕ್ಕೆ ನೀರು ಇಟ್ಟಿರುತ್ತಿದ್ದಳು. ಕಣ್ಣಿಂದ ನೋಡಿದ್ದಕ್ಕೂ ಸ್ನಾನ ಬೇಕೇ ಎಂದು ನಾನು ಗೊಣಗಿದರೆ, "ಅದನ್ನ ನೋಡಿದ್ದಕ್ಕ ಪಗಾರ ತರ್ತಿ, ನೋಡಿದ್ದಕ್ಕ ನೀರೂ ಹಾಕ್ಕೋ" ಎನ್ನುತ್ತಿದ್ದಳು.

ಕೊನೆಗೊಂದು ದಿನ ಆಚಾರ್ಯರೇ ನನ್ನನ್ನು ದಾರಿಯಲ್ಲಿ ತಡೆದರು. "ಏನ ಬಾಯಿ ಇದು? ಸಣ್ಣ ಮಕ್ಕಳಿಗಿ ಹಂದೀ ಪಾಠ! ಊರ ಮಂದಿಗೆಲ್ಲ ಕೇಳೂಹಂಗ ಒದರ್ತಿ. ನಾಚಿಕಿ ಬರಂಗಿಲ್ಲ?"

ಆ ದಿನ ನುಂಗಿಕೊಂಡ ಸಿಟ್ಟು ಇವತ್ತು ಹೊರಗೆ ಬಂತು. "ಆಚಾರ್ರ, ದೇವರಿಗೇ ಆ ರೂಪ ತಗೊಳ್ಳಿಕ್ಕೆ ನಾಚಿಕಿ ಬರಲಿಲ್ಲ. ಅದನ್ನ ನೋಡ್ಲಿಕ್ಕೆ ನನಗ್ಯಾಕ ಬರ್ಬೇಕ್ರಿ? ನಿಮ್ಮ ಮೊಮ್ಮಗಳು ತಪ್ಪು ಮಾಡಿಲ್ಲ. ನೀವು ಹೇಳಿದ ಕತಿ ನಂಬಿ ಹೋದ್ಲು. ಆಕಿಗಿ ಕತಿ ಗೊತ್ತಿತ್ತು, ಪ್ರಾಣಿ ಗೊತ್ತಿರಲಿಲ್ಲ. ಅದನ್ನ ಕಲಿಸೂದು ನನ್ನ ಕೆಲಸ. ಅದನ್ನ ಬಿಟ್ಟು ಆಕಿ ಜಾತಕ ತಗೀತೀರಿ. ನನ್ನ ಜಾತಕನೂ ಭಾಳ ಛಲೋ ಕೂಡಿತ್ತರಿ."

ಅವರ ಮುಖ ಕಪ್ಪಾಯಿತು. ಧೋತರದ ಚುಂಗು ಎತ್ತಿಕೊಂಡು ಹೊರಟುಹೋದರು. ಇನ್ನು ಅಣ್ಣನಿಗೆ ದೂರು ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ ಎಂದುಕೊಂಡೆ. ದೂರು ಬರಲಿಲ್ಲ. ಹುಡುಗಿಯೂ ಬರಲಿಲ್ಲ.

ಬಿಸಿಲು ಹೆಚ್ಚಾಗಿ ಶಾಲೆ ಬೆಳಗಿನ ಹೊತ್ತಿಗೆ ಬದಲಾಗಿತ್ತು. ನಾವು ಮಾಳಿಗೆ ಹತ್ತಿದ ಒಂದು ಬೆಳಿಗ್ಗೆ ಆಚಾರ್ಯರ ಹಿತ್ತಲಿನಿಂದ ಚೀರಾಟ ಕೇಳಿತು. ಹಳ್ಳದಾಕಿಯ ಒಂದು ಮರಿ ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗಿತ್ತು, ಯಾರೋ ಹೆದರಿ ಬಾಗಿಲು ಹಾಕಿಬಿಟ್ಟಿದ್ದರು. ಮರಿ ಒಳಗೆ ಚೀರುತ್ತಿದೆ, ತಾಯಿ ಹೊರಗೆ ಬಾಗಿಲಿಗೆ ಹಾಯುತ್ತಿದ್ದಾಳೆ. ಹಲಗೆ ಅಲುಗಾಡುವುದು ನಮಗೆ ಕಾಣುತ್ತಿತ್ತು. ಹಿತ್ತಲಿನಲ್ಲಿ ಆಚಾರ್ಯರು, ಮಡಿಯ ಒದ್ದೆ ಧೋತರ, ಕೈಯಲ್ಲಿ ನೀರಿನ ಕೊಡ. ತುಳಸಿ ಕಟ್ಟೆಯ ಹಿಂದೆ ಅಜ್ಜಿ. ನೀರು ಸೇದುವ ಆಳು ಬಡಿಗೆ ಎತ್ತಿ ಮರಿಯ ಮೇಲೆ ಬಂದ. ಇಲ್ಲಿಂದ ಕೂಗಬೇಕೆಂದು ನಾನು ಅಂಚಿಗೆ ಓಡುತ್ತಿದ್ದೆ. ಆ ಪೆಟ್ಟು ಬಿದ್ದಿದ್ದರೆ ಹಳ್ಳದಾಕಿ ಬಾಗಿಲು ಮುರಿದು ಒಳಗೆ ಬಂದು ಯಾರನ್ನು ಹಾಯುತ್ತಿದ್ದಳೋ.

"ಹೊಡೀಬ್ಯಾಡ್ರೀ!"

ಆಚಾರ್ಯರ ಮಾಳಿಗೆಯ ಅಂಚಿಗೆ ಹುಡುಗಿ ನಿಂತಿದ್ದಳು. "ಅಜ್ಜಾ, ಬಾಗಲಾ ತಗೀರಿ! ತಗದು ಬಾಗಲದ ಹಿಂದ ನಿಂದರ್ರಿ. ಆಕಿಗೂ ಮರಿಗೂ ನಡುವ ಬರಬ್ಯಾಡ್ರಿ. ಓಡಬ್ಯಾಡ್ರಿ ಅಜ್ಜಾ, ಮಾತಾಡ್ರಿ, ಆಕಿಗಿ ನೀವು ಎಲ್ಲಿದ್ದೀರಿ ತಿಳೀಬೇಕು!"

ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಆಚಾರ್ಯರಿಗೆ ಹೀಗೆ ಮಾಡ್ರಿ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅವರು ತಲೆಯೆತ್ತಿ ಅವಳನ್ನು ನೋಡಿದರು. ನನ್ನ ಮಕ್ಕಳು ನನ್ನ ಸೆರಗು ಹಿಡಿದುಕೊಂಡಿದ್ದರು. ಆಚಾರ್ಯರು ಕೊಡವನ್ನು ಕೆಳಗಿಟ್ಟರು. ಆಳಿಗೆ ಕೈ ಮಾಡಿ ಹಿಂದೆ ಸರಿಸಿದರು. ಹೋಗಿ ಅಗುಳಿ ತೆಗೆದು ಬಾಗಿಲನ್ನು ತಮ್ಮ ಕಡೆಗೆ ಎಳೆದುಕೊಂಡು ಅದರ ಹಿಂದೆ ನಿಂತರು. ಮಾತಾಡಲು ಬೇರೇನೂ ತೋಚಲಿಲ್ಲವೋ ಏನೋ, ಗಟ್ಟಿಯಾಗಿ ಮಂತ್ರ ಹೇಳತೊಡಗಿದರು.

ಹಳ್ಳದಾಕಿ ನುಗ್ಗಿ ಬಂದಳು. ಆಳಿನ ಕಡೆ ನೋಡಲಿಲ್ಲ, ತುಳಸಿ ಕಟ್ಟೆಯ ಕಡೆ ನೋಡಲಿಲ್ಲ. ಮರಿಯ ಹತ್ತಿರ ಹೋಗಿ ತಲೆಯಿಂದ ಬಾಲದ ತನಕ ಮೂಸಿದಳು. ಮರಿ ಸುಮ್ಮನಾಯಿತು. ಬಾಗಿಲ ಸಂದಿಯಿಂದ ಆಚಾರ್ಯರು ಅದನ್ನೇ ನೋಡುತ್ತಿದ್ದರು, ಮಂತ್ರ ಯಾವಾಗಲೋ ನಿಂತುಹೋಗಿತ್ತು. ಆಮೇಲೆ ತಾಯಿ ಮುಂದೆ, ಮರಿ ಹಿಂದೆ, ಬಂದ ದಾರಿಯಿಂದಲೇ ಹಳ್ಳಕ್ಕೆ ಇಳಿದು ಹೋದವು.

ಮರುದಿನ ಬೆಳಿಗ್ಗೆ ಹಳ್ಳದಲ್ಲಿ ಇಬ್ಬರು ಬರುವುದು ಕಂಡಿತು. ಹುಡುಗಿ ಮುಂದೆ, ಆಚಾರ್ಯರು ಹಿಂದೆ. ಅವಳು ನಿಂತಲ್ಲಿ ಅವರೂ ನಿಲ್ಲುತ್ತಿದ್ದರು, ಅವಳು ನಡೆದರೆ ನಡೆಯುತ್ತಿದ್ದರು. ಶಾಲೆಯ ಬಾಗಿಲಿಗೆ ಬಂದ ಕೂಡಲೇ ಹುಡುಗಿ ಒಳಗೆ ಓಡಿ ತನ್ನ ಜಾಗದಲ್ಲಿ ಕೂತಳು. ಆಚಾರ್ಯರು ಹೊಸ್ತಿಲ ಹೊರಗೇ ನಿಂತರು. ನಾನು ಸೆರಗು ಹೊದ್ದು ಎದುರಿಗೆ ಹೋದೆ.

"ಅಕ್ಕೋರ, ಇಲ್ಲಿ ಎಷ್ಟನೇ ಜಮಾತಿನ ತನಕ ಅದರಿ?" ಎಂದರು.

"ನಾಕನೇದರ ತನಕ ಅದರಿ."

"ಆಮ್ಯಾಲ?"

"ಆಮ್ಯಾಲ ಓದಸ್ಬೇಕಂದ್ರ ಕಲಬುರ್ಗಿಗೇ ಕಳಿಸ್ಬೇಕ್ರಿ."

ಅವರು ಒಳಗೆ ಇಣುಕಿ ಮೊಮ್ಮಗಳನ್ನು ನೋಡಿದರು. ಅವಳು ಆಗಲೇ ಪಕ್ಕದವಳ ಪಾಟಿ ಕಸಿದುಕೊಂಡು ಏನೋ ತಿದ್ದುತ್ತಿದ್ದಳು. ಆಚಾರ್ಯರು ಹೇಳಿದರು:

"ಕಲಬುರ್ಗಿಗೆ ಅಂದ್ರ ವಾಡಿಯೊಳಗ ಗಾಡಿ ಬದಲಿ ಮಾಡ್ಬೇಕಾಗ್ತದ. ಹೆಣ್ಣುಮಕ್ಕಳು ಕುಂದ್ರಲಿಕ್ಕೆ ಅಲ್ಲಿ ಬ್ಯಾರೆ ಜಾಗಾ ಅದನೋ ಇಲ್ಲೋ, ನಿಮ್ಮ ಅಣ್ಣನ್ನ ಕೇಳಿ ಹೇಳ್ರಿ."

ಸೇಡಂದ ವರದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಹೂಂ ಎಂದು ತಲೆಯಾಡಿಸಿದೆ. ಮನೆಗೆ ಹೋದವಳೇ ಸ್ನಾನಕ್ಕೂ ನಿಲ್ಲದೆ ಹಿತ್ತಲಿನಿಂದಲೇ ಅಣ್ಣನನ್ನು ಕೂಗಿ ಕೇಳಿದೆ. ಇದೆ, ಬಾಗಿಲಿರುವ ಕೋಣೆಯೇ ಇದೆ, ಎಂದ.